ಬಿದಿರಿನ ಕ್ಯಾಲಸ್‌ನಲ್ಲಿ ಕಿಣ್ವದ ಅಳತೆ ತಪ್ಪುವುದೆಲ್ಲಿ: ಕಾಯಜ ಭ್ರೂಣೋತ್ಪತ್ತಿಯ ಪ್ರಯೋಗಗಳಿಗೆ ದೋಷ ನಿವಾರಣೆ ಕೈಪಿಡಿ

ದೋಷ ಕಾಣಿಸಿಕೊಳ್ಳುವ ಬಗೆ

ಬಿದಿರಕ್ಕಿಯೊಳಗಿನ ಭ್ರೂಣವನ್ನು ಬಿಡಿಸಿ, 2,4-ಡಿ ಎಂಬ ಹಾರ್ಮೋನು ಬೆರೆಸಿದ ಪೋಷಕ ಮಾಧ್ಯಮದ ಮೇಲಿಟ್ಟು ಕತ್ತಲಲ್ಲಿ ಕೆಲವು ವಾರ ಬೆಳೆಸಿದಾಗ ಹೊರಡುವ ಕ್ಯಾಲಸ್, ಅಂದರೆ ಇನ್ನೂ ಅಂಗಗಳಾಗಿ ರೂಪುಗೊಳ್ಳದ ಕೋಶಗಳ ಮುದ್ದೆ, ಒಂದೇ ಬಗೆಯದಾಗಿರುವುದಿಲ್ಲ. ಒಂದು ಭಾಗ ಕೆನೆಬಣ್ಣದ, ಗಟ್ಟಿಯಾದ, ಸಣ್ಣ ಗಂಟುಗಳು ಒತ್ತೊತ್ತಾಗಿ ಕೂಡಿದಂತಿರುವ ಅಂಗಾಂಶವಾಗಿದ್ದು, ಮುಂದೆ ಕಾಯಜ ಭ್ರೂಣಗಳು, ಅಂದರೆ ಗರ್ಭಾಂಕುರವಿಲ್ಲದೆ ದೇಹದ ಸಾಮಾನ್ಯ ಕೋಶಗಳಿಂದಲೇ ಹುಟ್ಟುವ ಭ್ರೂಣಗಳು, ಮೂಡುವುದು ಇದರಲ್ಲೇ. ಇನ್ನೊಂದು ಭಾಗ ನೀರುನೀರಾಗಿ, ಅರೆಪಾರದರ್ಶಕವಾಗಿ, ಮುಟ್ಟಿದರೆ ಲೋಳೆಯಂತೆ ಜಾರುತ್ತದೆ. ಮೂರನೆಯ ಭಾಗ ಅಂಚಿನಿಂದ ಕಂದು ತಿರುಗುತ್ತ, ತನ್ನ ಸುತ್ತಲಿನ ಅಗಾರ್‌ಗೂ ಬಣ್ಣ ಬಿಡುತ್ತ ಹೋಗುತ್ತದೆ. ಈ ಮೂರರಿಂದಲೂ ಸಾರ ತೆಗೆದು ಪೆರಾಕ್ಸಿಡೇಸ್, ಕೆಟಲೇಸ್, ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಪಾಲಿಫಿನಾಲ್ ಆಕ್ಸಿಡೇಸ್‌ಗಳನ್ನು ಅಳೆದು, ಭ್ರೂಣ ರೂಪುಗೊಳ್ಳುವ ಹಂತಕ್ಕೂ ಕಿಣ್ವಗಳ ಚಟುವಟಿಕೆಗೂ ಇರುವ ಸಂಬಂಧವನ್ನು ಹುಡುಕುವುದು ಇಂಥ ಪ್ರಯೋಗಗಳ ಸಾಮಾನ್ಯ ಉದ್ದೇಶ.

ತೊಂದರೆ ಎದುರಾಗುವುದು ಅಂಕಿಗಳನ್ನು ಬರೆದುಕೊಂಡ ಮೇಲೆ. ಕಂದು ಕ್ಯಾಲಸ್‌ನಲ್ಲಿ ಪೆರಾಕ್ಸಿಡೇಸ್ ಬಹುತೇಕ ಇಲ್ಲವೆಂದು ಅಳತೆ ಹೇಳುತ್ತದೆ. ಆದರೆ ಅಂಗಾಂಶ ಕಂದಾಗುವುದೇ ಫಿನಾಲ್‌ಗಳೆಂಬ ಸಸ್ಯದ ಸಣ್ಣ ಅಣುಗಳ ಉತ್ಕರ್ಷಣದಿಂದ, ಅಂದರೆ ಇಂಥ ಕಿಣ್ವಗಳ ಕೆಲಸದಿಂದ. ಒಂದೇ ಫ್ಲಾಸ್ಕಿನ ಎರಡು ತುಂಡುಗಳು ಮೂರು ಪಟ್ಟು ವ್ಯತ್ಯಾಸ ತೋರಿಸುತ್ತವೆ. ಕಳೆದ ವಾರ ಏರುಮುಖವಾಗಿದ್ದ ರೇಖೆ ಈ ವಾರ ಇಳಿಮುಖವಾಗಿರುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಕೈಹಾಕುವುದು ಮಾಧ್ಯಮಕ್ಕೆ: ಹಾರ್ಮೋನಿನ ಪ್ರಮಾಣ ಬದಲಿಸುತ್ತಾರೆ, ಇದ್ದಿಲು ಸೇರಿಸುತ್ತಾರೆ, ಬೆಳಕಿನ ಅವಧಿ ತಿದ್ದುತ್ತಾರೆ. ಮಾಧ್ಯಮದಲ್ಲಿ ಮಾಡಿದ ಒಂದು ಬದಲಾವಣೆಯ ಫಲ ತಿಳಿಯಲು ಬಿದಿರಿನಲ್ಲಿ ನಾಲ್ಕರಿಂದ ಎಂಟು ವಾರ ಬೇಕು. ಕ್ಯುವೆಟ್‌ನಲ್ಲಿ (ದ್ರಾವಣದ ಬೆಳಕಿನ ಹೀರಿಕೆ ಅಳೆಯುವ ಪುಟ್ಟ ಪಾತ್ರೆ) ಮತ್ತು ಸಾರದಲ್ಲಿ ಇರುವ ದೋಷವನ್ನಾದರೆ ಒಂದು ಮಧ್ಯಾಹ್ನದಲ್ಲಿ ಪತ್ತೆ ಹಚ್ಚಬಹುದು. ಆದುದರಿಂದ ಈ ಕೈಪಿಡಿ ಹಿಮ್ಮುಖವಾಗಿ ಸಾಗುತ್ತದೆ: ಮೊದಲು ಕ್ಯುವೆಟ್, ಆಮೇಲೆ ಸಾರ, ಆಮೇಲೆ ಲೆಕ್ಕ, ಆಮೇಲೆ ಅಂಗಾಂಶ, ಕೊನೆಗೆ ಮಾಧ್ಯಮ. ಬಿದಿರಿನ ವಿಷಯದಲ್ಲಿ ನಾನು ಕಂಡ ದೋಷಗಳಲ್ಲಿ ಹೆಚ್ಚಿನವು ಸಾರದಲ್ಲೇ ಇದ್ದವು. ಅದಕ್ಕಾಗಿ ಆ ಭಾಗವನ್ನು ವಿಸ್ತಾರವಾಗಿ ಬರೆದಿದ್ದೇನೆ.

ಕ್ಯುವೆಟ್‌ನಲ್ಲಿ ನೋಡಬೇಕಾದುದು

ಪೆರಾಕ್ಸೈಡ್‌ನಿಂದ ಉತ್ಕರ್ಷಣಗೊಂಡಾಗ ಬಣ್ಣ ತಾಳುವ ಗ್ವಾಯಕಾಲ್ ಬಳಸಿ ಪೆರಾಕ್ಸಿಡೇಸ್ ಅಳೆಯುವಾಗ 470 ನ್ಯಾನೋಮೀಟರ್‌ನಲ್ಲಿ ಬಣ್ಣ ಏರುವುದನ್ನು ಹದಿನೈದು ಸೆಕೆಂಡಿಗೊಮ್ಮೆಯಾದರೂ ಓದಿ, ಕನಿಷ್ಠ ಮೂರು ನಿಮಿಷ ಗುರುತು ಮಾಡಿಕೊಳ್ಳಬೇಕು. ಶುರುವಿನ ಮತ್ತು ಕೊನೆಯ ಓದುಗಳನ್ನಷ್ಟೇ ಬರೆದುಕೊಂಡು ವ್ಯತ್ಯಾಸವನ್ನು ಭಾಗಿಸುವ ರೂಢಿ ಎಷ್ಟೋ ದೋಷಗಳನ್ನು ಮುಚ್ಚಿಡುತ್ತದೆ. ರೇಖೆ ಮೊದಲಿನಿಂದಲೇ ನೇರವಾಗಿ ಏರಿದರೆ ಅಳತೆಯನ್ನು ನಂಬಬಹುದು. ಮೊದಲು ಕಡಿದಾಗಿ ಏರಿ ಬೇಗನೆ ಬಾಗಿದರೆ ಕಿಣ್ವ ಹೆಚ್ಚಾಗಿದೆ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ತೀರಿಹೋಗುತ್ತಿದೆ ಎಂದರ್ಥ. ಸಾರವನ್ನು ತೆಳು ಮಾಡಿ ಮತ್ತೆ ಅಳೆಯಬೇಕು. ಮೊದಲ ಅರ್ಧ ನಿಮಿಷ ಏನೂ ಆಗದೆ, ಆಮೇಲೆ ಇದ್ದಕ್ಕಿದ್ದಂತೆ ಬಣ್ಣ ಏರತೊಡಗಿದರೆ ಸಾರದಲ್ಲಿ ಅಪಕರ್ಷಣಕಾರಿ ವಸ್ತುವೊಂದಿದೆ. ಕಿಣ್ವ ಉತ್ಪಾದಿಸಿದ ಬಣ್ಣವನ್ನು ಅದು ಹುಟ್ಟಿದ ಕೂಡಲೇ ಅಳಿಸಿಹಾಕುತ್ತಿದೆ.

ಈ ಕೊನೆಯ ಲಕ್ಷಣದಿಂದ ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಮೂರು ವಾರಗಳ ಶ್ರಮ ವ್ಯರ್ಥವಾಯಿತು. ಅಸ್ಕಾರ್ಬೇಟ್ ಪೆರಾಕ್ಸಿಡೇಸ್ ಎಂಬ ಇನ್ನೊಂದು ಕಿಣ್ವ ಅಸ್ಕಾರ್ಬೇಟ್ ಇಲ್ಲದ ಬಫರ್‌ನಲ್ಲಿ (ಪಿಎಚ್ ಕದಲದಂತೆ ಕಾಯುವ ದ್ರಾವಣ) ಬೇಗ ನಿಷ್ಕ್ರಿಯವಾಗುವುದರಿಂದ ನಾವು ಬಫರ್‌ಗೆ 1 ಮಿಲಿಮೋಲಾರ್ ಅಸ್ಕಾರ್ಬೇಟ್ ಸೇರಿಸಿದ್ದೆವು. ಶ್ರಮ ಉಳಿಸಲೆಂದು ಅದೇ ಸಾರದಿಂದ ಗ್ವಾಯಕಾಲ್ ಪೆರಾಕ್ಸಿಡೇಸನ್ನೂ ಅಳೆದೆವು. ಮೊದಲ ಒಂದು ನಿಮಿಷದ ಏರಿಕೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದುದರಿಂದ ಎಲ್ಲ ಮಾದರಿಗಳಲ್ಲೂ ಕಿಣ್ವ ಶೂನ್ಯಕ್ಕೆ ಹತ್ತಿರವೆಂದು ಬಂತು. ರೇಖೆಯನ್ನು ಪೂರ್ತಿ ಐದು ನಿಮಿಷ ಓದಿದ ದಿನ ಕಾರಣ ತಾನಾಗಿ ಕಾಣಿಸಿತು. ಒಂದೇ ಸಾರದಿಂದ ಎಲ್ಲ ಕಿಣ್ವಗಳನ್ನು ಅಳೆಯುವ ಆಸೆಯನ್ನು ಅಂದಿನಿಂದ ಬಿಟ್ಟಿದ್ದೇನೆ. ಅಂಗಾಂಶವನ್ನು ದ್ರವ ಸಾರಜನಕದಲ್ಲಿ ಒಟ್ಟಿಗೆ ಪುಡಿ ಮಾಡಿ, ಆ ಪುಡಿಯನ್ನು ಎರಡು ಪಾಲು ಮಾಡಿ, ಅಸ್ಕಾರ್ಬೇಟ್ ಇರುವ ಮತ್ತು ಇಲ್ಲದ ಎರಡು ಬಫರ್‌ಗಳಲ್ಲಿ ಬೇರೆಬೇರೆಯಾಗಿ ಸಾರ ತೆಗೆಯುವುದೇ ಸರಿ. ಬಫರ್ ಕೆಡದಿರಲೆಂದು ಸೋಡಿಯಂ ಅಜೈಡ್ ಹಾಕಿಡುವ ಅಭ್ಯಾಸವಿದ್ದರೆ ಅದನ್ನೂ ಕೈಬಿಡಬೇಕು, ಏಕೆಂದರೆ ಅಜೈಡ್ ಕೆಟಲೇಸ್ ಮತ್ತು ಪೆರಾಕ್ಸಿಡೇಸ್ ಎರಡನ್ನೂ ತಡೆಯುತ್ತದೆ.

ಕೆಟಲೇಸ್ ಅಳತೆಯಲ್ಲಿ ಬಣ್ಣ ಏರುವುದಿಲ್ಲ. 240 ನ್ಯಾನೋಮೀಟರ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್‌ನ ಹೀರಿಕೆ ಇಳಿಯುತ್ತದೆ. ಇಲ್ಲಿ ಕ್ವಾರ್ಟ್ಜ್ ಕ್ಯುವೆಟ್ ಕಡ್ಡಾಯ. ಸಾಮಾನ್ಯ ಗಾಜು ಅಥವಾ ಪ್ಲಾಸ್ಟಿಕ್ ಈ ಅಲೆಯುದ್ದದ ಬೆಳಕನ್ನು ಬಿಡುವುದಿಲ್ಲ. ಪೆರಾಕ್ಸೈಡ್ ಬಾಟಲಿಯ ಮೇಲೆ 30 ಪ್ರತಿಶತ ಎಂದು ಬರೆದಿದ್ದರೂ ತೆರೆದು ತಿಂಗಳುಗಳಾದ ಬಾಟಲಿಯಲ್ಲಿ ಅಷ್ಟು ಉಳಿದಿರುವುದಿಲ್ಲ. ಪರೀಕ್ಷೆ ಸುಲಭ: 10 ಮಿಲಿಮೋಲಾರ್ ಎಂದು ನೀವು ತಯಾರಿಸಿದ ದ್ರಾವಣ 240 ನ್ಯಾನೋಮೀಟರ್‌ನಲ್ಲಿ, ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ, ಸುಮಾರು 0.4 ತೋರಿಸಬೇಕು. 0.2 ತೋರಿಸಿದರೆ ಬಾಟಲಿ ಬದಲಿಸಬೇಕು. ಓದು ಏರುಪೇರಾಗಿ ಕುಣಿಯುತ್ತಿದ್ದರೆ ಕ್ಯುವೆಟ್‌ನ ಗೋಡೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಬಿಡುಗಡೆಯಾದ ಆಮ್ಲಜನಕದ ಗುಳ್ಳೆಗಳು ಅಲ್ಲಿ ಅಂಟಿಕೊಂಡಿರುತ್ತವೆ. ಆಗ ಸಾರದ ಪ್ರಮಾಣವನ್ನು ಕಡಿಮೆ ಮಾಡಬೇಕು. ಪೆರಾಕ್ಸೈಡ್ ಹೆಚ್ಚಿಸಿದರೆ ಕಿಣ್ವವೇ ಸಾಯುತ್ತದೆ.

ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್‌ನ ಅಳತೆ ಪರೋಕ್ಷವಾದುದು. ಬೆಳಕು ಬಿದ್ದಾಗ ರೈಬೋಫ್ಲೇವಿನ್ ಉತ್ಪಾದಿಸುವ ಸೂಪರ್‌ಆಕ್ಸೈಡ್ ಎನ್‌ಬಿಟಿ ಎಂಬ ಬಣ್ಣಕಾರಕವನ್ನು ನೀಲಿಯಾಗಿಸುತ್ತದೆ. ಆ ನೀಲಿಯನ್ನು ಅರ್ಧಕ್ಕೆ ಇಳಿಸುವಷ್ಟು ಕಿಣ್ವವೇ ಒಂದು ಯೂನಿಟ್. ತಡೆಯ ಪ್ರಮಾಣ 20ರಿಂದ 60 ಪ್ರತಿಶತದ ನಡುವೆ ಇರುವಂತೆ ಸಾರದ ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು. 90 ಪ್ರತಿಶತ ತಡೆ ಬಂತೆಂದು ಸಂತೋಷಪಟ್ಟರೆ ಆ ಅಂಕಿಯಿಂದ ಯಾವ ಲೆಕ್ಕವೂ ಹೊರಡುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಸಾಲಾಗಿಟ್ಟ ಪ್ರನಾಳಗಳಲ್ಲಿ ತುದಿಯವಕ್ಕೆ ಬೆಳಕು ಕಡಿಮೆ ಬೀಳುತ್ತದೆ. ಸಾರವಿಲ್ಲದ ಬರಿಯ ಮಿಶ್ರಣವನ್ನು ಎಲ್ಲ ಸ್ಥಾನಗಳಲ್ಲೂ ಇಟ್ಟು ಒಮ್ಮೆ ಅಳೆದರೆ ಸ್ಥಾನದಿಂದಲೇ ಬರುವ ವ್ಯತ್ಯಾಸ ಎಷ್ಟೆಂಬುದು ತಿಳಿಯುತ್ತದೆ. ಬಿದಿರಿನ ಫಿನಾಲ್‌ಗಳೂ ಸೂಪರ್‌ಆಕ್ಸೈಡನ್ನು ಹಿಡಿದುಹಾಕುವುದರಿಂದ ಕಂದು ಸಾರದಲ್ಲಿ ಈ ಕಿಣ್ವ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಕುದಿಸಿದ ಸಾರವನ್ನು ಹೋಲಿಕೆಗೆ ಇಡಬೇಕು. ಆದರೆ ಈ ಕಿಣ್ವದ ತಾಮ್ರ-ಸತು ರೂಪ ಬಿಸಿಯನ್ನು ಚೆನ್ನಾಗಿ ತಾಳಬಲ್ಲುದರಿಂದ ಒಂದೆರಡು ನಿಮಿಷದ ಕುದಿ ಸಾಲದು.

ಪಾಲಿಫಿನಾಲ್ ಆಕ್ಸಿಡೇಸ್‌ಗೆ ಕ್ಯಾಟೆಕಾಲ್ ಎಂಬ ಫಿನಾಲನ್ನು ಬಳಸುವಾಗ ಎರಡು ಎಚ್ಚರಿಕೆಗಳು ಸಾಕು. ಕ್ಯಾಟೆಕಾಲ್ ಕ್ಷಾರೀಯ ಬಫರ್‌ನಲ್ಲಿ ತಾನೇ ಕಂದಾಗುವುದರಿಂದ ಸಾರವಿಲ್ಲದ ಬ್ಲ್ಯಾಂಕ್ ಪ್ರತಿಸಲವೂ ಬೇಕು. ಸಾರದಲ್ಲಿ ತುಸು ಪೆರಾಕ್ಸೈಡ್ ಇದ್ದರೂ ಪೆರಾಕ್ಸಿಡೇಸ್ ಅದನ್ನು ಬಳಸಿಕೊಂಡು ಇದೇ ಬಣ್ಣವನ್ನು ತರಬಲ್ಲುದು. ಸಾರಕ್ಕೆ ಸ್ವಲ್ಪ ಶುದ್ಧ ಕೆಟಲೇಸ್ ಸೇರಿಸಿದಾಗ ವೇಗ ಇಳಿದರೆ, ಇಳಿದಷ್ಟು ಪಾಲು ಪಾಲಿಫಿನಾಲ್ ಆಕ್ಸಿಡೇಸ್‌ನದಲ್ಲ.

ಸಾರದಲ್ಲಿರುವ ದೋಷ

ಸಸ್ಯದ ಜೀವಕೋಶದಲ್ಲಿ ಫಿನಾಲ್‌ಗಳು ಹೆಚ್ಚಾಗಿ ಕೋಶರಸದ ಕುಹರದಲ್ಲಿ ಇರುತ್ತವೆ. ಪಾಲಿಫಿನಾಲ್ ಆಕ್ಸಿಡೇಸ್ ಪ್ಲಾಸ್ಟಿಡ್‌ಗಳಲ್ಲಿರುತ್ತದೆ. ಕೋಶ ಕೆಡದೆ ಇರುವವರೆಗೆ ಇವೆರಡೂ ಭೇಟಿಯಾಗುವುದಿಲ್ಲ. ಕುಟ್ಟಾಣಿಯಲ್ಲಿ ಅರೆದ ಕ್ಷಣವೇ ಅವು ಬೆರೆಯುತ್ತವೆ, ಫಿನಾಲ್‌ಗಳು ಕ್ವಿನೋನ್‌ಗಳಾಗುತ್ತವೆ, ಕ್ವಿನೋನ್‌ಗಳು ಪ್ರೋಟೀನಿನ ಅಮೈನೋ ಮತ್ತು ಥಯಾಲ್ ಗುಂಪುಗಳಿಗೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತವೆ. ನೀವು ಅಳೆಯಹೊರಟ ಕಿಣ್ವವೂ ಆ ಪ್ರೋಟೀನುಗಳಲ್ಲಿ ಒಂದು. ಕಂದು ಕ್ಯಾಲಸ್‌ನಲ್ಲಿ ಪೆರಾಕ್ಸಿಡೇಸ್ ಇಲ್ಲವೆಂದು ಕಾಣುವುದಕ್ಕೆ ಬಹಳ ಸಲ ಇದೇ ಕಾರಣ: ಜೀವಂತ ಅಂಗಾಂಶದಲ್ಲಿ ಕಿಣ್ವ ಇತ್ತು, ನಮ್ಮ ಕುಟ್ಟಾಣಿಯಲ್ಲಿ ಅದು ಸತ್ತಿತು.

ಬಾಳೆಕಾಯಿ ಅಥವಾ ಬಾಳೆಹೂವನ್ನು ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕುವ ನಮ್ಮ ಅಡುಗೆಮನೆಯ ಕ್ರಮ ಇದೇ ತತ್ತ್ವದ ಮೇಲೆ ನಿಂತಿದೆ. ಹುಳಿಯಲ್ಲಿ ಆ ಕಿಣ್ವ ಮಂದವಾಗುತ್ತದೆ, ಗಾಳಿಯ ಸಂಪರ್ಕ ತಪ್ಪುತ್ತದೆ. ಅಲ್ಲಿ ಕಪ್ಪಾದ ಮೇಲೆ ಮಜ್ಜಿಗೆಗೆ ಹಾಕಿದರೆ ಬಣ್ಣ ಹಿಂದಿರುಗುವುದಿಲ್ಲ. ಇಲ್ಲಿಯೂ ಕಂದಾದ ಸಾರಕ್ಕೆ ಆಮೇಲೆ ಏನು ಬೆರೆಸಿದರೂ ಕಳೆದುಕೊಂಡ ಕಿಣ್ವ ಹಿಂದಿರುಗುವುದಿಲ್ಲ. ಫಿನಾಲ್ ಹಿಡಿಯುವ ಪಿವಿಪಿಪಿ ಪುಡಿ ಅರೆಯುವ ಮೊದಲೇ ಬಫರ್‌ನಲ್ಲಿ ನೆನೆದಿರಬೇಕು.

ಸಾರದಲ್ಲಿ ಪ್ರತಿಬಂಧಕ ಇದೆಯೇ ಎಂದು ತಿಳಿಯಲು ಮೂರು ಪರೀಕ್ಷೆಗಳನ್ನು ಈ ಕ್ರಮದಲ್ಲಿ ಮಾಡಬಹುದು. ಮೊದಲನೆಯದು ತೆಳುಗೊಳಿಸುವ ಪರೀಕ್ಷೆ. ಸಾರವನ್ನು ಬಫರ್‌ನಿಂದ ಐದು ಪಟ್ಟು, ಹತ್ತು ಪಟ್ಟು, ಇಪ್ಪತ್ತು ಪಟ್ಟು ತೆಳು ಮಾಡಿ ಅಳೆದು, ಪ್ರತಿ ಓದನ್ನೂ ಅದರದರ ಪಟ್ಟಿನಿಂದ ಗುಣಿಸಬೇಕು. ಸಾರ ಶುದ್ಧವಾಗಿದ್ದರೆ ಎಲ್ಲ ಗುಣಲಬ್ಧಗಳೂ ಹತ್ತಿರಹತ್ತಿರ ಬರುತ್ತವೆ. ತೆಳುವಾದಷ್ಟೂ ಗುಣಲಬ್ಧ ಏರುತ್ತ ಹೋದರೆ ಗಟ್ಟಿ ಸಾರದಲ್ಲಿ ಕಿಣ್ವವನ್ನು ಏನೋ ತಡೆಯುತ್ತಿದೆ.

ಎರಡನೆಯದು ಬೆರೆಸುವ ಪರೀಕ್ಷೆ. ನನ್ನ ಅಭಿಪ್ರಾಯದಲ್ಲಿ ಬಿದಿರಿನ ಮೇಲೆ ಕೆಲಸ ಮಾಡುವ ಪ್ರತಿಯೊಬ್ಬರೂ ವರದಿ ಬರೆಯುವ ಮುನ್ನ ಒಮ್ಮೆಯಾದರೂ ಮಾಡಲೇಬೇಕಾದ ಪರೀಕ್ಷೆ ಇದು. ಕೆನೆಬಣ್ಣದ ಕ್ಯಾಲಸ್‌ನ ಸಾರ ನಿಮಿಷಕ್ಕೆ 0.240 ಏರಿಕೆ ಕೊಟ್ಟಿತು, ಕಂದು ಕ್ಯಾಲಸ್‌ನ ಸಾರ 0.020 ಕೊಟ್ಟಿತು ಎಂದು ಇಟ್ಟುಕೊಳ್ಳೋಣ. ಎರಡನ್ನೂ ಸಮಪಾಲು ಬೆರೆಸಿ, ಐದು ನಿಮಿಷ ಮಂಜುಗಡ್ಡೆಯ ಮೇಲಿಟ್ಟು, ಅದೇ ಪ್ರಮಾಣದಲ್ಲಿ ಅಳೆದರೆ ಸರಾಸರಿಯಾದ 0.130 ಬರಬೇಕು. 0.130ರ ಆಸುಪಾಸಿನಲ್ಲೇ ಬಂದರೆ ಕಂದು ಕ್ಯಾಲಸ್‌ನ ಸಾರದಲ್ಲಿ ಸಕ್ರಿಯ ಕಿಣ್ವ ನಿಜವಾಗಿಯೂ ಕಡಿಮೆ ಇದೆ. 0.050 ಬಂದರೆ ಕಂದು ಸಾರ ತನ್ನ ಕಿಣ್ವವನ್ನಷ್ಟೇ ಅಲ್ಲದೆ ಪಕ್ಕದ ಒಳ್ಳೆಯ ಸಾರದ ಕಿಣ್ವವನ್ನೂ ತಡೆಯುತ್ತಿದೆ, ಆ 0.020 ಎಂಬ ಅಂಕಿಗೆ ಅರ್ಥವಿಲ್ಲ. ಒಳ್ಳೆಯ ಸಾರ ಕೈಯಲ್ಲಿಲ್ಲದಿದ್ದರೆ ಮಾರುಕಟ್ಟೆಯಲ್ಲಿ ಸಿಗುವ ಹಾರ್ಸ್‌ರ‍್ಯಾಡಿಶ್ ಪೆರಾಕ್ಸಿಡೇಸನ್ನು ಬಳಸಬಹುದು. ಒಂದು ಮಿತಿಯನ್ನು ನೆನಪಿಡಬೇಕು: ಅರೆಯುವಾಗಲೇ ಕ್ವಿನೋನ್ ಅಂಟಿ ಸತ್ತುಹೋದ ಕಿಣ್ವವನ್ನು ಈ ಪರೀಕ್ಷೆ ತೋರಿಸದು. ಅದಕ್ಕಾಗಿ ಎರಡೂ ಕ್ಯಾಲಸ್‌ಗಳನ್ನು ಸಮತೂಕದಲ್ಲಿ ಒಟ್ಟಿಗೇ ಅರೆದು, ಬಂದ ಚಟುವಟಿಕೆಯನ್ನು ಬೇರೆಬೇರೆ ಅರೆದಾಗಿನ ಸರಾಸರಿಯೊಂದಿಗೆ ಹೋಲಿಸಬೇಕು.

ಮೂರನೆಯದು ಬೇರ್ಪಡಿಸುವ ಪರೀಕ್ಷೆ. ಸೆಫಡೆಕ್ಸ್ ಜಿ-25 ತುಂಬಿದ ಪುಟ್ಟ ಕಾಲಮ್‌ನ ಮೂಲಕ ಸಾರವನ್ನು ಹಾಯಿಸಿದರೆ ಪ್ರೋಟೀನು ಮುಂದೆ ಬರುತ್ತದೆ, ಸಣ್ಣ ಅಣುಗಳು ಹಿಂದೆ ಉಳಿಯುತ್ತವೆ. ಹಾಯಿಸಿದ ಮೇಲೆ ಒಟ್ಟು ಚಟುವಟಿಕೆ ಹೆಚ್ಚಾದರೆ ಪ್ರತಿಬಂಧಕ ಸಣ್ಣ ಅಣುವೇ ಸರಿ. ಕಾಲಮ್ ಇಲ್ಲದವರು ಪ್ರೋಟೀನಿನ ರೂಪ ಕೆಡಿಸುವ ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಇಲ್ಲದ ಜೆಲ್‌ನಲ್ಲಿ ಸಾರವನ್ನು ಓಡಿಸಿ, ಗ್ವಾಯಕಾಲ್ ಮತ್ತು ಪೆರಾಕ್ಸೈಡ್ ಹಾಕಿ ಪಟ್ಟಿಗಳನ್ನು ನೋಡಬಹುದು. ಕ್ಯುವೆಟ್‌ನಲ್ಲಿ ಇಲ್ಲವೆಂದ ಕಿಣ್ವ ಜೆಲ್‌ನಲ್ಲಿ ದಟ್ಟವಾದ ಪಟ್ಟಿಯಾಗಿ ಕಾಣಿಸಿದರೆ ಉತ್ತರ ದೊರೆತಂತೆ. ಪಟ್ಟಿಗಳೇ ಮೂಡದಿದ್ದರೆ ಮಾದರಿ ಬಫರ್‌ನಲ್ಲಿ ಅಭ್ಯಾಸಬಲದಿಂದ ಎಸ್‌ಡಿಎಸ್ ಅಥವಾ ಮರ್ಕ್ಯಾಪ್ಟೋಎಥನಾಲ್ ಬೆರೆತಿದೆಯೇ, ಮಾದರಿಯನ್ನು ಯಾರಾದರೂ ಕುದಿಸಿದ್ದಾರೆಯೇ ಎಂದು ವಿಚಾರಿಸಬೇಕು. ಹಳೆಯ ವಿಧಾನಗಳಲ್ಲಿ ಹೇಳಿರುವ ಬೆಂಜಿಡೀನ್ ಕ್ಯಾನ್ಸರ್‌ಕಾರಕವಾದುದರಿಂದ ಅದನ್ನು ಬಳಸಬಾರದು.

ದೋಷ ಖಚಿತವಾದ ಮೇಲೆ ತಿದ್ದುವ ದಾರಿ ಹೀಗಿದೆ. ಕ್ಯಾಲಸನ್ನು ಮಾಧ್ಯಮದಿಂದ ಎತ್ತಿದ ಕೂಡಲೇ ದ್ರವ ಸಾರಜನಕಕ್ಕೆ ಹಾಕಬೇಕು. ತೂಕ ಮಾಡುತ್ತ ಮೇಜಿನ ಮೇಲೆ ಬಿಟ್ಟರೆ ಅಷ್ಟರಲ್ಲೇ ಗಾಯದ ಪ್ರತಿಕ್ರಿಯೆ ಶುರುವಾಗಿರುತ್ತದೆ. ಹೆಪ್ಪುಗಟ್ಟಿದ ಮಾದರಿ ಅರೆಯುವ ಮೊದಲು ಕರಗಲೇಬಾರದು. ಕರಗಿದರೆ ಕೋಶದ ಒಳಪೊರೆಗಳು ಒಡೆದು ಫಿನಾಲ್ ಮತ್ತು ಕಿಣ್ವ ಕುಟ್ಟಾಣಿಗೆ ಬರುವ ಮೊದಲೇ ಬೆರೆತಿರುತ್ತವೆ. ಒಂದು ಗ್ರಾಂ ಪುಡಿಗೆ ಐದು ಮಿಲಿಲೀಟರಿನಷ್ಟು ತಣ್ಣನೆಯ ಫಾಸ್ಫೇಟ್ ಬಫರ್, ಅದರಲ್ಲಿ 1ರಿಂದ 2 ಪ್ರತಿಶತ ಪಿವಿಪಿಪಿ, ಲೋಹದ ಅಯಾನುಗಳನ್ನು ಹಿಡಿಯುವ ಇಡಿಟಿಎ ಸ್ವಲ್ಪ ಇರಲಿ. ತೀರ ಕಂದಾದ ಅಂಗಾಂಶಕ್ಕೆ ಪಿವಿಪಿಪಿಯನ್ನು ಇಮ್ಮಡಿಸಬಹುದು. ಬಫರ್‌ನ ಪಿಎಚ್ 7ಕ್ಕಿಂತ ಮೇಲೆ ಹೋದಷ್ಟೂ ಫಿನಾಲ್‌ಗಳು ಗಾಳಿಯಲ್ಲಿ ಬೇಗ ಉತ್ಕರ್ಷಣಗೊಳ್ಳುತ್ತವೆ, ಪಿವಿಪಿಪಿಯ ಹಿಡಿತವೂ ಸಡಿಲವಾಗುತ್ತದೆ. ಸೆಂಟ್ರಿಫ್ಯೂಜ್ ಮಾಡಿದ ಮೇಲೆ ತಿಳಿದ್ರವ ಹುಲ್ಲುಬಣ್ಣದಲ್ಲಿರಬೇಕು. ಚಹಾದ ಬಣ್ಣದಲ್ಲಿದ್ದರೆ ಅದನ್ನು ಅಳೆಯುವುದರಿಂದ ಪ್ರಯೋಜನವಿಲ್ಲ. ಹೊಸ ಮಾದರಿ ತೆಗೆದುಕೊಳ್ಳಬೇಕು. ಕೆಟಲೇಸ್ ಅಳೆಯುವವರು ಸಾರವನ್ನು ಬೆಳಕಿನಿಂದ ದೂರವಿಟ್ಟು ಅದೇ ದಿನ ಮುಗಿಸಬೇಕು, ಏಕೆಂದರೆ ಆ ಕಿಣ್ವ ಬೆಳಕಿಗೂ, ಮತ್ತೆಮತ್ತೆ ಹೆಪ್ಪುಗಟ್ಟಿ ಕರಗುವುದಕ್ಕೂ ಸೋಲುತ್ತದೆ.

ಕ್ಯಾಲಸ್‌ನ ಬದಲು ಎಳೆಯ ಕಳಲೆಯ ತುದಿಯನ್ನೇ ಹೋಲಿಕೆಯ ಅಂಗಾಂಶವಾಗಿ ಅರೆಯುವವರು ಇನ್ನೊಂದನ್ನು ಗಮನಿಸಬೇಕು. ಮಲೆನಾಡಿನಲ್ಲಿ ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಸಿಟ್ಟ ಮೇಲೆಯೇ ಪಲ್ಯಕ್ಕೋ ಸಾರಿಗೋ ಬಳಸುವುದು ಅದರಲ್ಲಿರುವ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿನಿಂದಾಗಿ. ಕಳಲೆಯನ್ನು ಕುಟ್ಟಿದಾಗ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಸಯನೈಡ್ ಪೆರಾಕ್ಸಿಡೇಸ್, ಕೆಟಲೇಸ್ ಮತ್ತು ತಾಮ್ರ-ಸತು ಡಿಸ್ಮ್ಯುಟೇಸ್ ಮೂರನ್ನೂ ತಡೆಯುತ್ತದೆ. ಪಿವಿಪಿಪಿ ಇದನ್ನು ಹಿಡಿಯುವುದಿಲ್ಲ. ಕಳಲೆಯ ಸಾರವನ್ನು ಸೆಫಡೆಕ್ಸ್ ಕಾಲಮ್‌ನಲ್ಲಿ ಹಾಯಿಸಿದ ಮೇಲಷ್ಟೇ ಕ್ಯಾಲಸ್‌ನೊಂದಿಗೆ ಹೋಲಿಸಬೇಕು.

ಪ್ರೋಟೀನು ಮತ್ತು ಲೆಕ್ಕ

ಕಿಣ್ವವನ್ನು ಸರಿಯಾಗಿ ಅಳೆದಿದ್ದರೂ ಪ್ರೋಟೀನಿನ ಅಳತೆ ತಪ್ಪಿದರೆ ಫಲಿತಾಂಶ ತಪ್ಪುತ್ತದೆ. ಲೌರಿ ವಿಧಾನದಲ್ಲಿ ಬಳಸುವ ಫೋಲಿನ್ ದ್ರಾವಣ ಮೂಲತಃ ಫಿನಾಲ್‌ಗಳಿಗೇ ಬಣ್ಣ ಕೊಡುವಂಥದು. ಬಿದಿರಿನ ಸಾರಕ್ಕೆ ಅದನ್ನು ಬಳಸಿದರೆ ಫಿನಾಲ್ ಕೂಡ ಪ್ರೋಟೀನಿನ ಲೆಕ್ಕಕ್ಕೆ ಸೇರುತ್ತದೆ. 595 ನ್ಯಾನೋಮೀಟರ್‌ನಲ್ಲಿ ಓದುವ ಬ್ರಾಡ್‌ಫೋರ್ಡ್ ವಿಧಾನ ಇದಕ್ಕಿಂತ ಮೇಲು. ಆದರೆ ಅದು ಟ್ರೈಟಾನ್‌ನಂತಹ ಡಿಟರ್ಜೆಂಟ್‌ಗಳಿಂದಲೂ, ನೀರಿನಲ್ಲಿ ಕರಗುವ ಪಿವಿಪಿಯಿಂದಲೂ ಕೆಡುತ್ತದೆ. ಕರಗದ ಪಿವಿಪಿಪಿಯನ್ನು ಶಿಫಾರಸು ಮಾಡಲು ಇದೂ ಒಂದು ಕಾರಣ.

ಲೆಕ್ಕದ ಒಂದು ಉದಾಹರಣೆಯನ್ನು ಇಲ್ಲಿ ಪೂರ್ತಿಯಾಗಿ ಕೊಡುತ್ತೇನೆ. 3 ಮಿಲಿಲೀಟರ್ ಮಿಶ್ರಣದಲ್ಲಿ, ಹತ್ತು ಪಟ್ಟು ತೆಳುಗೊಳಿಸಿದ ಸಾರ 0.1 ಮಿಲಿಲೀಟರ್ ಇದ್ದು, ಹೀರಿಕೆ ನಿಮಿಷಕ್ಕೆ 0.266 ಏರಿತು ಎನ್ನೋಣ. ಗ್ವಾಯಕಾಲ್‌ನಿಂದ ಹುಟ್ಟುವ ಬಣ್ಣದ ವಸ್ತುವಾದ ಟೆಟ್ರಾಗ್ವಾಯಕಾಲ್‌ನ ಹೀರಿಕೆ ಗುಣಾಂಕ 1 ಮಿಲಿಮೋಲಾರ್‌ಗೆ, 1 ಸೆಂಟಿಮೀಟರಿಗೆ 26.6. ಭಾಗಿಸಿದರೆ ನಿಮಿಷಕ್ಕೆ 0.01 ಮಿಲಿಮೋಲಾರ್, 3 ಮಿಲಿಲೀಟರಿನಲ್ಲಿ 0.03 ಮೈಕ್ರೋಮೋಲ್. ಇದು 0.1 ಮಿಲಿಲೀಟರ್ ಸಾರದ ಕೆಲಸವಾದುದರಿಂದ ಒಂದು ಮಿಲಿಲೀಟರಿಗೆ 0.3, ತೆಳುಗೊಳಿಸಿದ ಪಟ್ಟಿನಿಂದ ಗುಣಿಸಿದರೆ 3 ಯೂನಿಟ್ (ಇಲ್ಲಿ ಒಂದು ಯೂನಿಟ್ ಎಂದರೆ ನಿಮಿಷಕ್ಕೆ ಒಂದು ಮೈಕ್ರೋಮೋಲ್ ಟೆಟ್ರಾಗ್ವಾಯಕಾಲ್). ಭ್ರೂಣಜನಕವಾದ, ಅಂದರೆ ಭ್ರೂಣ ಮೂಡಿಸುವ ಕೆನೆಬಣ್ಣದ, ಒಂದು ಗ್ರಾಂ ಕ್ಯಾಲಸ್‌ನಿಂದ 5 ಮಿಲಿಲೀಟರ್ ಸಾರ ತೆಗೆದಿದ್ದರೆ ಗ್ರಾಂಗೆ 15 ಯೂನಿಟ್. ಸಾರದಲ್ಲಿ ಪ್ರೋಟೀನು ಮಿಲಿಲೀಟರಿಗೆ 1.5 ಮಿಲಿಗ್ರಾಂ ಇದ್ದರೆ ಮಿಲಿಗ್ರಾಂ ಪ್ರೋಟೀನಿಗೆ 2 ಯೂನಿಟ್. ಒಂದು ಟೆಟ್ರಾಗ್ವಾಯಕಾಲ್ ಅಣುವಿಗೆ ನಾಲ್ಕು ಪೆರಾಕ್ಸೈಡ್ ಅಣುಗಳು ಖರ್ಚಾಗುತ್ತವೆ. ಯಾವುದನ್ನು ಯೂನಿಟ್ ಎಂದು ಎಣಿಸಿದ್ದೀರಿ ಎಂಬುದನ್ನು ಬರೆಯದಿದ್ದರೆ ಇನ್ನೊಬ್ಬರ ಅಂಕಿಯೊಂದಿಗೆ ನಾಲ್ಕು ಪಟ್ಟು ವ್ಯತ್ಯಾಸ ಬರುತ್ತದೆ.

ಈಗ ಇದೇ ಲೆಕ್ಕವನ್ನು ನೀರುನೀರಾದ ಕ್ಯಾಲಸ್‌ಗೆ ಅನ್ವಯಿಸಿ ನೋಡೋಣ. ಅದರ ಕೋಶಗಳು ದೊಡ್ಡವು, ಒಳಗೆಲ್ಲ ಕುಹರ, ಪ್ರೋಟೀನು ಬಹಳ ಕಡಿಮೆ. ಗ್ರಾಂಗೆ 8 ಯೂನಿಟ್ ಇದ್ದು ಪ್ರೋಟೀನು ಗ್ರಾಂಗೆ 2 ಮಿಲಿಗ್ರಾಂ ಇದ್ದರೆ, ಮಿಲಿಗ್ರಾಂಗೆ 4 ಯೂನಿಟ್ ಆಯಿತು. ತಾಜಾ ತೂಕದ ಲೆಕ್ಕದಲ್ಲಿ ಭ್ರೂಣಜನಕ ಕ್ಯಾಲಸ್ ಮುಂದೆ. ಪ್ರೋಟೀನಿನ ಲೆಕ್ಕದಲ್ಲಿ ಅದೇ ಕ್ಯಾಲಸ್ ಹಿಂದೆ. ಇಬ್ಬರು ಒಂದೇ ಅಂಗಾಂಶದ ಬಗ್ಗೆ ವಿರುದ್ಧ ತೀರ್ಮಾನಗಳಿಗೆ ಬರುವುದು ಹೀಗೆ. ತಾಜಾ ತೂಕ, ಒಣ ತೂಕ, ಪ್ರೋಟೀನು ಮೂರರ ಮೇಲೂ ಲೆಕ್ಕ ಹಾಕಿ, ಮೂರನ್ನೂ ಪ್ರಕಟಿಸುವುದೇ ಪ್ರಾಮಾಣಿಕ ಮಾರ್ಗವೆಂದು ನಾನು ನಂಬುತ್ತೇನೆ.

ಅಂಗಾಂಶದಲ್ಲಿರುವ ದೋಷ

ಕ್ಯುವೆಟ್, ಸಾರ, ಲೆಕ್ಕ ಮೂರೂ ಸರಿಯಿದ್ದು ಅಂಕಿಗಳು ಚದುರುತ್ತಲೇ ಇದ್ದರೆ ಮಾದರಿಯನ್ನು ಅನುಮಾನಿಸಬೇಕು. ಮೊದಲನೆಯ ಅನುಮಾನ ಬೀಜದ ಮೇಲೆ. ದೆಹಲಿ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಬಾಂಬೂಸಾ ಅರುಂಡಿನೇಸಿಯಾ, ಎಂದರೆ ನಮ್ಮ ಹೆಬ್ಬಿದಿರು, ಮತ್ತು ಡೆಂಡ್ರೊಕಲಾಮಸ್ ಸ್ಟ್ರಿಕ್ಟಸ್ ಎಂಬ ಕಿರುಬಿದಿರುಗಳಲ್ಲಿ ಕಾಯಜ ಭ್ರೂಣಗಳನ್ನು ಪಡೆದಾಗಲೂ ಆರಂಭದ ಅಂಗಾಂಶ ಬೀಜದಿಂದಲೇ ಬಂದಿತ್ತು. ಇಂದಿಗೂ ಬೀಜವೇ ಸುಲಭವಾದ ಮೂಲ. ಬೀಜದಿಂದ ಬೀಜಕ್ಕೆ ಆನುವಂಶಿಕ ವ್ಯತ್ಯಾಸವಿರುತ್ತದೆ. ಒಂದು ಬೀಜದ ಭ್ರೂಣಜನಕ ಕ್ಯಾಲಸನ್ನು ಇನ್ನೊಂದು ಬೀಜದ ನೀರುಕ್ಯಾಲಸ್‌ನೊಂದಿಗೆ ಹೋಲಿಸಿದರೆ, ಕಾಣುವ ವ್ಯತ್ಯಾಸ ಭ್ರೂಣೋತ್ಪತ್ತಿಯದೋ ಬೀಜದ್ದೋ ಹೇಳಲಾಗದು. ಪ್ರತಿ ಬೀಜಕ್ಕೂ ಒಂದು ಸಂಖ್ಯೆ ಕೊಟ್ಟು, ಅದರಿಂದ ಹೊರಟ ಎಲ್ಲ ಫ್ಲಾಸ್ಕುಗಳ ಮೇಲೂ ಆ ಸಂಖ್ಯೆಯನ್ನು ಬರೆದು, ಹೋಲಿಕೆಯನ್ನು ಒಂದೇ ಸಂಖ್ಯೆಯೊಳಗೆ ಮಾಡಬೇಕು. ಬಿದಿರಕ್ಕಿ ಸಾಮಾನ್ಯ ಉಷ್ಣತೆಯಲ್ಲಿ ಬೇಗನೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದರಿಂದ, ಮೆಳೆ ಹೂಬಿಟ್ಟ ವರ್ಷ ತಂದಿಟ್ಟ ಹಳೆಯ ದಾಸ್ತಾನು ಮತ್ತು ಹೊಸ ಬೀಜಗಳನ್ನು ಬೆರೆಸಲೂಬಾರದು.

ಎರಡನೆಯದು ಬೆರಕೆ ಮಾದರಿ. ಕೆನೆಬಣ್ಣದ ಗಂಟುಗಳಿಗೆ ನೀರುಕ್ಯಾಲಸ್ ಅಂಟಿಕೊಂಡೇ ಇರುತ್ತದೆ. ಸ್ಟೀರಿಯೋ ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ, ಪ್ರತಿ ಮಾದರಿಯ ಒಂದು ಚೂರನ್ನು ಅಸಿಟೋಕಾರ್ಮಿನ್ ಮತ್ತು ಇವಾನ್ಸ್ ಬ್ಲೂಗಳಿಂದ ಬಣ್ಣ ಹಾಕಿ ನೋಡಬೇಕು: ಭ್ರೂಣಜನಕ ಕೋಶಗಳು ಚಿಕ್ಕವಾಗಿ, ದಟ್ಟವಾಗಿ, ಕೆಂಪಾಗಿ ಕಾಣುತ್ತವೆ, ಉದ್ದನೆಯ, ಸಾಯುತ್ತಿರುವ ಕೋಶಗಳು ನೀಲಿಯಾಗುತ್ತವೆ. ನೀಲಿ ಹೆಚ್ಚಿದ್ದ ಮಾದರಿಗೆ ಭ್ರೂಣಜನಕವೆಂಬ ಹೆಸರು ಸಲ್ಲದು. ಇದರೊಂದಿಗೇ ಹಂತದ ಗೊಂದಲವನ್ನೂ ಬಗೆಹರಿಸಿಕೊಳ್ಳಬೇಕು. ಕಾಯಜ ಭ್ರೂಣಗಳನ್ನು 1958ರ ಸುಮಾರಿಗೆ ಮೊದಲು ಕಂಡುದು ಗಜ್ಜರಿಯಲ್ಲಿ, ಅದು ದ್ವಿದಳ. ಗುಂಡು, ಹೃದಯ, ಟಾರ್ಪೆಡೊ ಎಂಬ ಹಂತಗಳ ಹೆಸರುಗಳು ಅಂಥ ಸಸ್ಯಗಳಿಗೆ ಸೇರಿದವು. ಏಕದಳವಾದ ಬಿದಿರಿನಲ್ಲಿ ಗುಂಡು ಹಂತದ ನಂತರ ಸ್ಕ್ಯುಟೆಲ್ಲಮ್ ಎಂಬ ಗುರಾಣಿಯಾಕಾರದ ಭಾಗ, ಅದಾದ ಮೇಲೆ ಕುಡಿಯನ್ನು ಮುಚ್ಚುವ ಕೋಲಿಯಾಪ್ಟೈಲ್ ರೂಪುಗೊಳ್ಳುತ್ತವೆ. ಹೃದಯಾಕಾರ ಕಾಣಲಿಲ್ಲವೆಂದು ಒಳ್ಳೆಯ ಕ್ಯಾಲಸನ್ನು ಎಸೆದವರನ್ನು ನಾನು ಬಲ್ಲೆ.

ಮೂರನೆಯದು ದಿನ. ಕ್ಯಾಲಸನ್ನು ಕತ್ತರಿಸಿ ಹೊಸ ಮಾಧ್ಯಮಕ್ಕೆ ಹಾಕಿದ ಮೊದಲ ಕೆಲವು ದಿನ ಗಾಯದ ಕಾರಣದಿಂದಲೇ ಪೆರಾಕ್ಸಿಡೇಸ್ ಏರುತ್ತದೆ. ಒಂದು ಮಾದರಿ ಮೂರನೆಯ ದಿನದ್ದು, ಇನ್ನೊಂದು ಇಪ್ಪತ್ತನೆಯ ದಿನದ್ದಾದರೆ ಹೋಲಿಕೆಗೆ ಬೆಲೆಯಿಲ್ಲ.

ಹೊಲದಿಂದ ತಂದ ಗೆಣ್ಣುಗಳಿಂದ ಕೆಲಸ ಶುರುಮಾಡಿದವರಿಗೆ ಇನ್ನೊಂದು ಮರೆಯ ದೋಷವಿದೆ. ಬಿದಿರಿನ ಗೆಣ್ಣಿನ ಒಳಗೇ ವಾಸಿಸುವ ಬ್ಯಾಕ್ಟೀರಿಯಾಗಳು ಮರ್ಕ್ಯುರಿಕ್ ಕ್ಲೋರೈಡ್‌ನಿಂದ ಮೇಲ್ಮೈಯನ್ನು ತೊಳೆದರೂ ಉಳಿದುಕೊಂಡು, ಎಷ್ಟೋ ವಾರಗಳ ನಂತರ ಬುಡದ ಸುತ್ತ ಹಾಲಿನಂತಹ ಮಬ್ಬಾಗಿ ಕಾಣಿಸುತ್ತವೆ. ಕಾಣಿಸಿಕೊಳ್ಳುವ ಮೊದಲೂ ಅವು ಅಲ್ಲಿದ್ದೇ ಇರುತ್ತವೆ. ಅನೇಕ ಬ್ಯಾಕ್ಟೀರಿಯಾಗಳಲ್ಲಿ ಕೆಟಲೇಸ್ ಹೇರಳವಾಗಿರುವುದರಿಂದ, ಉಳಿದ ಕಿಣ್ವಗಳು ಎಂದಿನಂತಿದ್ದು ಕೆಟಲೇಸ್ ಒಂದೇ ವಿಪರೀತ ಏರಿದರೆ ಆ ಕ್ಯಾಲಸ್‌ನ ಚೂರನ್ನು ನ್ಯೂಟ್ರಿಯೆಂಟ್ ಅಗಾರ್ ಮೇಲಿಟ್ಟು ಕೆಲವು ದಿನ ಕಾದು ನೋಡಬೇಕು.

ಮಾಧ್ಯಮಕ್ಕೆ ಕೈಹಾಕುವುದು ಈಗ

ಇಷ್ಟೆಲ್ಲ ಆದ ಮೇಲೂ ಉಳಿಯುವ ವ್ಯತ್ಯಾಸ ಅಂಗಾಂಶದ ನಿಜವಾದ ಸ್ಥಿತಿಯನ್ನು ಹೇಳುತ್ತದೆ. ಆದರೆ ಕಡಿಮೆ ಬಂದುದೆಲ್ಲ ದೋಷವಲ್ಲ. ಲೈಸಿಯಂ ಬಾರ್ಬರಂ ಎಂಬ ಸಸ್ಯದಲ್ಲಿ ಭ್ರೂಣೋತ್ಪತ್ತಿಯ ಆರಂಭದಲ್ಲಿ ಡಿಸ್ಮ್ಯುಟೇಸ್ ಏರಿ, ಕೆಟಲೇಸ್ ಇಳಿದು, ಹೈಡ್ರೋಜನ್ ಪೆರಾಕ್ಸೈಡ್ ಸೇರಿಕೊಳ್ಳುವುದನ್ನು ಕಂಡಿದ್ದಾರೆ. ಅಲ್ಲಿ ಪೆರಾಕ್ಸೈಡ್ ಸಂಕೇತದಂತೆ ಕೆಲಸ ಮಾಡುತ್ತದೆ. ಬಿದಿರಿನಲ್ಲೂ ಇಂಥ ಇಳಿಕೆ ಕಂಡು, ಕ್ಯಾಲಸ್ ಕೆನೆಬಣ್ಣದಲ್ಲೇ ಇದ್ದರೆ, ಅದನ್ನು ಸರಿಪಡಿಸಲು ಹೊರಡಬಾರದು.

ಕೆಟಲೇಸ್ ಮತ್ತು ಪೆರಾಕ್ಸಿಡೇಸ್ ಎರಡೂ ಒಟ್ಟಿಗೆ ಇಳಿದು, ಹೊಸ ಕುಡಿಗಳು ಹಳದಿಯಾಗಿ ಬರುತ್ತಿದ್ದರೆ ಕಬ್ಬಿಣವನ್ನು ಅನುಮಾನಿಸಬೇಕು, ಏಕೆಂದರೆ ಎರಡು ಕಿಣ್ವಗಳ ಕೇಂದ್ರದಲ್ಲೂ ಕಬ್ಬಿಣವಿರುವ ಹೀಮ್ ಇದೆ. 1962ರ ಮುರಾಶಿಗೆ-ಸ್ಕೂಗ್ ಮಾಧ್ಯಮದಲ್ಲಿ ಫೆರಸ್ ಸಲ್ಫೇಟ್ ಲೀಟರಿಗೆ 27.8 ಮಿಲಿಗ್ರಾಂ, ಇಡಿಟಿಎ ಜೊತೆಗೂಡಿ ಇರುತ್ತದೆ. ಕಬ್ಬಿಣದ ಸಂಗ್ರಹ ದ್ರಾವಣದ ಬಾಟಲಿಯ ತಳದಲ್ಲಿ ತುಕ್ಕಿನಂತಹ ಗಸಿ ಕುಳಿತಿದ್ದರೆ ಆ ಲೆಕ್ಕದ ಕಬ್ಬಿಣ ಗಿಡಕ್ಕೆ ಸಿಗುತ್ತಿಲ್ಲ. ಹೊಸದಾಗಿ ತಯಾರಿಸಿ, ಕಂದು ಬಾಟಲಿಯಲ್ಲಿಟ್ಟು, ಎರಡು ಸುತ್ತು ಬೆಳೆಸಿ ಮತ್ತೆ ಅಳೆಯಬೇಕು. ಎಲೆ ಹಳದಿಯಾಗದೆ ಪೂರ್ತಿ ಬಿಳಿಯಾಗಿಯೇ ಹುಟ್ಟಿದ ಗಿಡಗಳಿಗೆ ಕಬ್ಬಿಣದಿಂದ ಪರಿಹಾರವಿಲ್ಲ. ಅವನ್ನು ಪ್ರಯೋಗದಿಂದ ಹೊರಗಿಡಬೇಕು.

ಕಂದಾಗುವುದನ್ನು ತಡೆಯಲು ಮೊದಲ ತಿಂಗಳು ಕತ್ತಲು, ಮತ್ತು ಏಳರಿಂದ ಹತ್ತು ದಿನಕ್ಕೊಮ್ಮೆ ಹೊಸ ಮಾಧ್ಯಮ ಎಂಬ ಎರಡು ಕ್ರಮಗಳನ್ನು ನಾನು ಔಷಧಗಳಿಗಿಂತ ಹೆಚ್ಚು ನಂಬುತ್ತೇನೆ. ಇದ್ದಿಲು ಫಿನಾಲನ್ನು ಹೀರುವಂತೆಯೇ 2,4-ಡಿಯನ್ನೂ ಹೀರುತ್ತದೆ. ಇದ್ದಿಲು ಹಾಕಿದ ಮಾಧ್ಯಮದಲ್ಲಿ ಕ್ಯಾಲಸ್ ಕಂದಾಗುವುದು ನಿಂತು, ಜೊತೆಗೆ ಬೆಳೆಯುವುದೂ ನಿಂತರೆ ಕಾರಣ ಇದೇ. ಮಾಧ್ಯಮಕ್ಕೆ ಅಸ್ಕಾರ್ಬಿಕ್ ಆಮ್ಲ ಸೇರಿಸುವುದಾದರೆ ಆಟೋಕ್ಲೇವ್ ಆದ ಮೇಲೆ ಸೋಸಿ ಹಾಕಬೇಕು, ಮತ್ತು ಅಂಥ ಕ್ಯಾಲಸನ್ನು ಅಳೆಯುವ ಮುನ್ನ ತಣ್ಣನೆಯ ಬಫರ್‌ನಲ್ಲಿ ತೊಳೆಯಬೇಕು. ಇಲ್ಲವಾದರೆ ಮೇಲೆ ಹೇಳಿದ ಬಣ್ಣ ತಡವಾಗಿ ಏರುವ ದೋಷ ಮತ್ತೆ ಕ್ಯುವೆಟ್‌ಗೆ ಬರುತ್ತದೆ.

ಭ್ರೂಣಗಳು ಗುಂಡು ಹಂತದಲ್ಲೇ ನಿಂತು, ಕಿಣ್ವಗಳ ಅಂಕಿ ವಾರಗಟ್ಟಲೆ ಬದಲಾಗದಿದ್ದರೆ 2,4-ಡಿ ಇನ್ನೂ ಹೆಚ್ಚಾಗಿ ಉಳಿದಿದೆ ಎಂದು ತಿಳಿಯಬಹುದು. ಕ್ಯಾಲಸ್ ಶುರುವಾಗಲು ಅಗತ್ಯವಾದ ಪ್ರಮಾಣ ಭ್ರೂಣ ಬಲಿಯಲು ಅಡ್ಡಿ. ಒಂದೇ ಬೀಜಸಂಖ್ಯೆಯ ಕ್ಯಾಲಸನ್ನು ಮೂರು ಪಾಲು ಮಾಡಿ, ಒಂದನ್ನು ಹಳೆಯ ಪ್ರಮಾಣದಲ್ಲಿ, ಒಂದನ್ನು ಅದರ ಹತ್ತನೆಯ ಒಂದು ಪಾಲಿನಲ್ಲಿ, ಇನ್ನೊಂದನ್ನು 2,4-ಡಿ ಇಲ್ಲದ ಮಾಧ್ಯಮದಲ್ಲಿಟ್ಟು, ಏಳನೆಯ, ಹದಿನಾಲ್ಕನೆಯ ಮತ್ತು ಇಪ್ಪತ್ತೊಂದನೆಯ ದಿನ, ದಿನದ ಒಂದೇ ಹೊತ್ತಿನಲ್ಲಿ ಮಾದರಿ ತೆಗೆದು, ಪ್ರತಿ ಮಾದರಿಯ ಬಣ್ಣಹಾಕಿದ ಚೂರಿನ ಚಿತ್ರವನ್ನು ಅದರ ಕಿಣ್ವದ ಅಂಕಿಯ ಪಕ್ಕದಲ್ಲೇ ಅಂಟಿಸಿಡಬೇಕು.